ಓದುಗರ ಪ್ರಶ್ನೆ, ನಮ್ಮ ಉತ್ತರ: ಪದವಿಯಲ್ಲಿ ಚೀನೀ ಭಾಷೆ

ಕಾಸರಗೋಡು ಜಿಲ್ಲೆಯ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಚೀನೀ ಭಾಷೆಯ ಓದಿಗೆ ಸಂಬಂಧಿಸಿದವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಪ್ಲಸ್ ಟು ಓದುತ್ತಿದ್ದಾಳೆ. ಚೀನೀ ಭಾಷೆಯಲ್ಲೇ ಬಿ.ಎ. ಮಾಡಬೇಕೆಂಬ ಹಠ. ಎಲ್ಲಿ ಸೇರಿಸುವುದು? (ಬದಿಯಡ್ಕದ ಓದುಗರು)

ಉತ್ತರ: ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಮತ್ತು ಶಾಂತಿನಿಕೇತನದ ವಿಶ್ವಭಾರತಿ, ಇವೆರಡನ್ನು ಮೊದಲು ನೋಡಿ. ಎರಡರಲ್ಲೂ ಚೀನೀ ಭಾಷೆಯನ್ನು ಅಕ್ಷರಾಭ್ಯಾಸದಿಂದಲೇ ಕಲಿಸುತ್ತಾರೆ, ಮೊದಲೇ ಗೊತ್ತಿರಬೇಕೆಂದಿಲ್ಲ. ವಿಶ್ವಭಾರತಿಯ ಚೀನೀ ಅಧ್ಯಯನ ವಿಭಾಗವಾದ ಚೀನಾಭವನ 1937ರಲ್ಲಿ ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು. ಬೌದ್ಧ ಗ್ರಂಥಗಳು, ಹಳೆಯ ಸಾಹಿತ್ಯದತ್ತ ಒಲವಿದ್ದರೆ ಅಲ್ಲಿನ ಗ್ರಂಥಾಲಯಕ್ಕೆ ಸಾಟಿಯಾದದ್ದು ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಬೇರೆ ವಿಷಯದಲ್ಲಿ ಪದವಿ ಮುಗಿಸಿ ಆಮೇಲೆ ಮನಸ್ಸು ಮಾಡಿದವರಿಗೆ ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗದಲ್ಲಿ ತೀವ್ರ ಡಿಪ್ಲೊಮಾ ಇದೆ.

ಜೆಎನ್‌ಯು, ವಿಶ್ವಭಾರತಿ ಎರಡಕ್ಕೂ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ. 2025ರ ಮಾದರಿಯಲ್ಲಿ ಒಂದು ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ. ಸರಿಗೆ 5 ಅಂಕ, ತಪ್ಪಿಗೆ ಒಂದು ಅಂಕ ಕಳೆತ. ಅರ್ಜಿದಾರರು ಎಡವುವುದು ಪತ್ರಿಕೆಗಳ ಆಯ್ಕೆಯಲ್ಲಿ. ಕೋರ್ಸಿಗೆ ಬೇಕಾದ ಭಾಷಾ ಪತ್ರಿಕೆಯನ್ನೋ ಸಾಮಾನ್ಯ ಸಾಮರ್ಥ್ಯದ ಪತ್ರಿಕೆಯನ್ನೋ ಆರಿಸದೆ ಬಿಟ್ಟರೆ, ಉಳಿದುದರಲ್ಲಿ ಎಷ್ಟೇ ಅಂಕ ಬಂದರೂ ಅರ್ಹತೆ ಇಲ್ಲ. ಈ ನಿಯಮ ಬದಲಾಗುತ್ತಿರುತ್ತದೆ. ಅರ್ಜಿ ತುಂಬುವ ಮೊದಲು ಆಯಾ ವಿಶ್ವವಿದ್ಯಾಲಯದ ಆ ವರ್ಷದ ಪ್ರಾಸ್ಪೆಕ್ಟಸ್ ತೆರೆದಿಟ್ಟುಕೊಳ್ಳಿ. ಕಳೆದ ವರ್ಷ ಸೇರಿದವರ ಮಾತು ಸಾಲದು. ಪಾಠ, ನಿಘಂಟು, ವ್ಯಾಕರಣ ಎಲ್ಲ ಇಂಗ್ಲಿಷಿನ ಮೂಲಕವೇ ಬರುವುದರಿಂದ ಇಂಗ್ಲಿಷ್ ಓದುವ ವೇಗವನ್ನು ಈಗಿನಿಂದಲೇ ಹೆಚ್ಚಿಸಿಕೊಳ್ಳಲಿ.

ಪ್ರಶ್ನೆ: ಉಚ್ಚಾರಣೆ ಬಹಳ ಕಷ್ಟವಂತೆ. ಕನ್ನಡ, ತುಳು, ಮಲಯಾಳ ಮಾತಾಡುವ ನಮಗೆ ನಾಲಗೆ ಹೊರಳೀತೇ? (ಕುಂಬಳೆಯ ಓದುಗರು)

ಉತ್ತರ: ಹೊರಳುತ್ತದೆ. ಗಡಿನಾಡಿನ ಮಕ್ಕಳಿಗೆ ಇಲ್ಲಿ ನಿಜವಾದ ಅನುಕೂಲವಿದೆ, ಇದನ್ನು ಯಾರೂ ಅವರಿಗೆ ಹೇಳುವುದಿಲ್ಲ ಎಂಬುದೇ ನಮ್ಮ ಬೇಸರ.

ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಿಂದ ಬಳಕೆಯಲ್ಲಿದೆ. ಅದರ ‘ಬಿ’ ಅಕ್ಷರ ನಮ್ಮ ಬಕಾರವಲ್ಲ, ಪಕಾರ. ‘ಪಿ’ ಎಂದರೆ ಮಹಾಪ್ರಾಣದ ಫಕಾರ. ಹಾಗೆಯೇ ‘ಡಿ’ಗೆ ತ, ‘ಟಿ’ಗೆ ಥ, ‘ಜಿ’ಗೆ ಕ, ‘ಕೆ’ಗೆ ಖ. ಇಂಗ್ಲಿಷ್ ಓದುವಂತೆ ಓದಿದರೆ ಈ ಜೋಡಿಗಳು ಕೆಡುತ್ತವೆ. ವರ್ಗೀಯ ವ್ಯಂಜನ ಕಲಿತ ಕನ್ನಡದ ಮಗುವಿಗೆ ವ್ಯತ್ಯಾಸ ಮೊದಲೇ ಗೊತ್ತು. ಆದರೆ ದಿನದ ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗಿಬಿಡುತ್ತೇವೆ, ‘ಧನ’ ಎಂದು ಓದಿ ‘ದನ’ ಎನ್ನುತ್ತೇವೆ. ಚೀನೀ ಭಾಷೆಯಲ್ಲಿ ಹಾಗೆ ಮಾಡಿದರೆ ಪದವೇ ಬೇರೆಯಾಗುತ್ತದೆ. ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು ಹೇಳಿ ನೋಡಿ: ‘ಪಿ’ಗೆ ಕಾಗದ ಅಲುಗಲೇಬೇಕು, ‘ಬಿ’ಗೆ ಅಲುಗಬಾರದು.

ಪದದ ಕೊನೆಯ ‘ಎನ್‌ಜಿ’ ಇನ್ನೊಂದು ತೊಡಕು. ಕನ್ನಡದಲ್ಲಿ ‘ಅಂಗಡಿ’ ಎನ್ನುವಾಗ ಅನುನಾಸಿಕದ ಬೆನ್ನಿಗೇ ಗಕಾರ ಬರುತ್ತದೆ. ಚೀನೀ ಭಾಷೆಗೆ ಬೇಕಾದದ್ದು ಗಕಾರವಿಲ್ಲದ ಬರೀ ಙಕಾರ. ಮಲಯಾಳದಲ್ಲಿ ಮಾವಿನಕಾಯಿಗೆ ‘ಮಾಙ್ಙ’ ಎನ್ನುವಾಗ ಬರುವ ದನಿಯೇ ಅದು. ‘ಹೆ’, ‘ಚೆ’ ಎಂದು ರೋಮನ್‌ನಲ್ಲಿ ಬರೆದಿರುವ ಕಡೆಯ ಸ್ವರ ನಮ್ಮ ಎಕಾರವಲ್ಲ. ತುಳು, ಮಲಯಾಳ ಪದಗಳ ಕೊನೆಯಲ್ಲಿ ತುಟಿ ದುಂಡಾಗದೆ ಬರುವ ಅರೆ ಉಕಾರಕ್ಕೆ ಅದು ಹತ್ತಿರ. ಬಾಯಿಯನ್ನು ತುಸು ಹೆಚ್ಚು ತೆರೆದು, ನಾಲಗೆಯನ್ನು ಹಿಂದಕ್ಕೆ ಎಳೆದರೆ ಆಯಿತು. ‘ಎಸ್‌ಎಚ್’ಗೆ ನಾಲಗೆ ಮಡಚಿದ ಷಕಾರ, ‘ಎಕ್ಸ್’ಗೆ ಶಕಾರ. ಎರಡನ್ನೂ ‘ಸ’ ಮಾಡಬೇಡಿ.

ಇನ್ನು ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ಒಂದನೆಯದು ಎತ್ತರದಲ್ಲಿ ಸಮ, ಎರಡನೆಯದು ಏರು, ಮೂರನೆಯದು ತಗ್ಗು, ನಾಲ್ಕನೆಯದು ಥಟ್ಟನೆ ಇಳಿತ. ಭಾರವಿಲ್ಲದ ಹಗುರ ದನಿಯೂ ಒಂದುಂಟು. ‘ಮಾಯ್’ ಎಂಬುದನ್ನು ಮೂರನೇ ಟೋನಿನಲ್ಲಿ ಹೇಳಿದರೆ ಕೊಳ್ಳು, ನಾಲ್ಕನೆಯದರಲ್ಲಿ ಮಾರು. ನಮ್ಮವರು ತಪ್ಪುವುದು ಪ್ರಶ್ನೆ ಕೇಳುವಾಗ: ವಾಕ್ಯದ ಕೊನೆಯಲ್ಲಿ ದನಿ ಏರಿಸುವ ಅಭ್ಯಾಸದಿಂದ ನಾಲ್ಕನೆಯದು ಎರಡನೆಯದಾಗಿಬಿಡುತ್ತದೆ. ಟೋನನ್ನು ಒಂಟಿ ಉಚ್ಚಾರದಲ್ಲಿ ಅಲ್ಲ, ಜೋಡಿಯಲ್ಲೇ ಅಭ್ಯಾಸ ಮಾಡಿ. ನಾಲ್ಕನ್ನು ನಾಲ್ಕರೊಂದಿಗೆ ಸೇರಿಸಿದರೆ 16 ಜೋಡಿ, ಹಗುರ ದನಿಯವು ಇನ್ನೂ 4. ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ನಿಮ್ಮ ದನಿ ಮುದ್ರಿಸಿ ಮೂಲದ ದನಿಯೊಂದಿಗೆ ಹೋಲಿಸಿ. ಮೂರನೇ ಟೋನಿನ ಬೆನ್ನಿಗೇ ಇನ್ನೊಂದು ಮೂರನೇ ಟೋನ್ ಬಂದರೆ ಮೊದಲಿನದು ಎರಡನೇ ಟೋನ್ ಆಗುತ್ತದೆ. ‘ನಿ ಹಾವ್’ ಎಂಬ ನಮಸ್ಕಾರವೇ ಇದಕ್ಕೆ ಉದಾಹರಣೆ. ಮೊದಲ ಮೂರು ತಿಂಗಳು ಇದಕ್ಕೇ ಕೊಡಿ. ಕೆಟ್ಟ ಟೋನ್ ಒಮ್ಮೆ ಕೂತುಬಿಟ್ಟರೆ ಎಂ.ಎ. ವರೆಗೂ ಬಿಡದು.

ವ್ಯಾಕರಣದ ಬಗ್ಗೆ ಭಯ ಬೇಡ. ಕ್ರಿಯಾಪದ ಮಧ್ಯದಲ್ಲಿ ಬರುತ್ತದೆ ನಿಜ, ಆದರೆ ‘ನಾನು ಕೊಂಡ ಪುಸ್ತಕ’ ಎನ್ನುವಾಗ ವಿಶೇಷಣ ನಾಮಪದದ ಮೊದಲು ಬರುವ ಕ್ರಮ ಕನ್ನಡದ್ದೇ. ಮನಸ್ಸಿನಲ್ಲಿ ಇಂಗ್ಲಿಷಿಗೆ ಹೋಗಿ ಬರಬೇಡಿ.

ಪ್ರಶ್ನೆ: ಸಾವಿರಾರು ಅಕ್ಷರ ನೆನಪಿಡುವುದು ಹೇಗೆ? (ನೀರ್ಚಾಲಿನ ಓದುಗರು)

ಉತ್ತರ: ಇಡೀ ಚಿತ್ರವಾಗಿ ನೆನಪಿಟ್ಟರೆ ಇನ್ನೂರು ದಾಟುವಷ್ಟರಲ್ಲಿ ಕಲಸಿಹೋಗುತ್ತದೆ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು. ಎಡಗಡೆ ಮೂರು ಚುಕ್ಕೆ ಕಂಡರೆ ನೀರಿಗೆ ಸಂಬಂಧಿಸಿದ್ದು: ನದಿ, ಸಮುದ್ರ, ಸರೋವರ. ಇಂಥ ಮೂಲಾಂಗಗಳು ಸಾಂಪ್ರದಾಯಿಕ ನಿಘಂಟಿನಲ್ಲಿ 214; ಮೊದಲ ವರ್ಷಕ್ಕೆ ಐವತ್ತು ಅರವತ್ತು ಸಾಕು.

ಗೆರೆಗಳ ಕ್ರಮ ತಪ್ಪಬೇಡಿ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆಯ ನಂತರ ಲಂಬಗೆರೆ, ಚೌಕದೊಳಗಿನದನ್ನು ಬರೆದ ಮೇಲೆ ಚೌಕ ಮುಚ್ಚುವ ಗೆರೆ. ಕ್ರಮ ಕೆಟ್ಟರೆ ಅಳತೆ ಕೆಡುತ್ತದೆ, ವೇಗವೂ ಬಾರದು. ಚೌಕುಳಿ ಲೆಕ್ಕದ ಪುಸ್ತಕದಲ್ಲಿ ನಾಲ್ಕು ಮನೆಗಳನ್ನು ಸೇರಿಸಿ ಒಂದು ಮನೆ ಮಾಡಿಕೊಳ್ಳಿ. ನಡುವಿನ ಅಡ್ಡ–ಲಂಬ ಗೆರೆಗಳು ಅಂಗಗಳ ಜಾಗ ತೋರಿಸುತ್ತವೆ. ದಿನಕ್ಕೆ ಹೊಸದು ಎಂಟು ಹತ್ತು, ಹಳೆಯದು ಮೂವತ್ತು, ಪುಸ್ತಕ ಮುಚ್ಚಿ ಬರೆಯಬೇಕು. ಫೋನಿನಲ್ಲಿ ಪಿನ್‌ಯಿನ್ ಒತ್ತಿ ಅಕ್ಷರ ಆರಿಸುವುದು ಗುರುತಿಸುವ ಶಕ್ತಿಯನ್ನಷ್ಟೇ ಬೆಳೆಸುತ್ತದೆ, ಕೈಬರಹವನ್ನಲ್ಲ.

ಚೀನೀ ಭಾಷೆಯ ಮಟ್ಟ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಪುಸ್ತಕ ಕೊಳ್ಳುವಾಗ ಎಚ್ಚರ. ಹಳೆಯ 6 ಹಂತಗಳ ಪಟ್ಟಿಯಲ್ಲಿ 4ನೇ ಹಂತಕ್ಕೆ 1,200 ಪದ, 6ನೆಯದಕ್ಕೆ 5,000. 2021ರಲ್ಲಿ ಬಂದ 9 ಹಂತಗಳ ಮಾನದಂಡದಲ್ಲಿ ಒಟ್ಟು 11,092 ಪದ. ಹಂತದ ಸಂಖ್ಯೆ ಒಂದೇ ಇದ್ದರೂ ಪಟ್ಟಿ ಬೇರೆ.

ಪ್ರಶ್ನೆ: ಭಾಷೆಯ ಜೊತೆ ಸಂಸ್ಕೃತಿ ಎಂದರೆ ಏನು ಓದುವುದು? ನಮ್ಮ ಕರಾವಳಿಗೂ ಅದಕ್ಕೂ ನಂಟಿದೆಯೇ? (ಮಂಜೇಶ್ವರದ ಓದುಗರು)

ಉತ್ತರ: ಇದೆ, ಸಂಶೋಧನೆಗೆ ಸಮೃದ್ಧ ಕ್ಷೇತ್ರವಿದು. 14ನೇ ಶತಮಾನದಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಚೀನೀ ಹಡಗುಗಳು ತಂಗುವ ಬಂದರುಗಳಲ್ಲಿ ಹೀಲಿಯನ್ನು ಹೆಸರಿಸುತ್ತಾನೆ. ಕಾಸರಗೋಡಿನ ತೆಂಕಣ ಗಡಿಗೆ ಸಮೀಪದ ಏಳಿಮಲೆಯೇ ಅದು. 15ನೇ ಶತಮಾನದಲ್ಲಿ ಚೀನಾದ ನೌಕಾಧಿಪತಿ ಝೆಂಗ್ ಹೆಯ ನೌಕಾಪಡೆಯೊಂದಿಗೆ ಬಂದ ಮಾ ಹುವಾನ್ ಕೋಝಿಕ್ಕೋಡ್, ಕೊಚ್ಚಿಗಳ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಅದನ್ನು ಮೂಲದಲ್ಲಿ ಓದಲು ಇಂದಿನ ಆಡುಭಾಷೆ ಸಾಲದು. ಹಳೆಯ ಬರಹದ ಭಾಷೆ ‘ವೆನ್‌ಯೆನ್’ ಬೇಕು, ಸರಳೀಕರಿಸದ ಪೂರ್ಣ ಅಕ್ಷರಗಳೂ ಬೇಕು. ಮೂಲಪ್ರತಿಗಳಲ್ಲಿ ವಿರಾಮಚಿಹ್ನೆ ಇರುವುದಿಲ್ಲ. ವೆನ್‌ಯೆನ್ ಇರುವ ಕೋರ್ಸನ್ನೇ ಆರಿಸಿ. ಜೊತೆಗೆ ಮಲಯಾಳ ಓದಬಲ್ಲ ಕಾಸರಗೋಡಿನವರಿಗೆ ಎರಡೂ ಕಡೆಯ ಆಕರ ಕೈಗೆಟಕುತ್ತದೆ.

ಪ್ರಶ್ನೆ: ಚೀನಾದಲ್ಲೇ ಓದಲು ವಿದ್ಯಾರ್ಥಿವೇತನ? (ಮುಳ್ಳೇರಿಯದ ಓದುಗರು)

ಉತ್ತರ: ಚೀನಾ ಸರಕಾರದ ವೇತನಕ್ಕೆ ವಯೋಮಿತಿ ಪದವಿಗೆ 25, ಸ್ನಾತಕೋತ್ತರಕ್ಕೆ 35, ಪಿಎಚ್‌.ಡಿ.ಗೆ 40ರೊಳಗೆ. ಭಾಷೆಯನ್ನಷ್ಟೇ ಕಲಿಯಲು ತೈವಾನಿನ ಹುವಾಯು ವೇತನವೂ ಇದೆ; ತೈವಾನಿನ ಪ್ರತಿನಿಧಿ ಸಂಸ್ಥೆಯಾದ ತೈಪೆ ಕೇಂದ್ರದ ಒಂದು ಕಚೇರಿ ಚೆನ್ನೈಯಲ್ಲಿದೆ. ತೈವಾನಿನಲ್ಲಿ ಪೂರ್ಣ ಅಕ್ಷರಗಳೇ ಬಳಕೆ ಎಂಬುದು ನೆನಪಿರಲಿ.

ಇದಕ್ಕೂ ಮೊದಲು ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆದು ನೋಡಿ. ಅದರಲ್ಲಿ ಹೆಸರಿನ ಮುಂದೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಕಡತ ನಿಲ್ಲುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಎರಡನ್ನೂ ಹೊಂದಿಸಿ. ಕೇರಳದ ಪ್ರಮಾಣಪತ್ರಗಳ ದೃಢೀಕರಣ ಕೇರಳ ಸರಕಾರದ ಸಂಸ್ಥೆಯಾದ ನೋರ್ಕಾ ರೂಟ್ಸ್ ಮೂಲಕ ಆಗುತ್ತದೆ. ಅರ್ಜಿಯ ಕೊನೆಯ ದಿನಕ್ಕಿಂತ ಎರಡು ತಿಂಗಳು ಮೊದಲೇ ಆ ಕೆಲಸ ಮುಗಿದಿರಲಿ.