ಅಕ್ಕಾ, ಮಗನಿಗೆ ಬಣ್ಣ ತಿಳೀತಿಲ್ಲ

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಮೂರೂವರೆ ವರ್ಷ. ಗೋಡೆಗೆ ಬಣ್ಣದ ಚಾರ್ಟ್ ಹಾಕಿ ಎರಡು ತಿಂಗಳಾಯ್ತು. ಅದರ ಮುಂದೆ ನಿಲ್ಲಿಸಿದರೆ ಕೆಂಪು, ಹಳದಿ, ಹಸಿರು ಅಂತ ಒಂದೇ ಉಸಿರಿಗೆ ಹೇಳ್ತಾನೆ. ಹಳದಿ ಅಂಗಿ ತೋರಿಸಿ ಕೇಳಿದರೆ ಮಾತ್ರ 'ಕೆಂಪು' ಅಂತಾನೆ. ನಾನು ಹೇಳಿಕೊಡೋದೇ ತಪ್ಪಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಗಾಬರಿ ಬಿಡಿ. ಹೆಚ್ಚಿನ ಮಕ್ಕಳಿಗೆ ಬಣ್ಣದ ಹೆಸರು ಗಟ್ಟಿಯಾಗುವುದೇ ಮೂರರಿಂದ ನಾಲ್ಕು ವರ್ಷದ ನಡುವೆ. ನಿಮ್ಮ ಮಗ ಚಾರ್ಟನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿದ್ದಾನೆ, ಅಷ್ಟೆ. ಚಾರ್ಟಿನಲ್ಲಿ ಸೇಬು ಯಾವತ್ತೂ ಕೆಂಪು, ಬಾಳೆಹಣ್ಣು ಯಾವತ್ತೂ ಹಳದಿ. 'ಕೆಂಪು' ಅಂದರೆ ಸೇಬಿನ ಇನ್ನೊಂದು ಹೆಸರಾ, ಅದು ಗುಂಡಗಿದೆ ಅಂತಲಾ, ಮಗುವಿಗೆ ಹೇಗೆ ಗೊತ್ತಾಗಬೇಕು? ಅವನ ಕಣ್ಣೆದುರೇ ಒಂದೇ ವಸ್ತು ಬಣ್ಣ ಬದಲಿಸಬೇಕು.

ಅದಕ್ಕೆ ನಮ್ಮ ಆರತಿ ನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಬಿಳಿ ಬಟ್ಟಲಿಗೆ ಅರ್ಧ ಲೋಟ ನೀರು ಹಾಕಿ, ಚಿಟಿಕೆ ಅರಿಶಿನ ಕೊಡಿ, ಅವನೇ ಕಲಸಲಿ. ನೀರು ಹಳದಿ ಆಯ್ತು ಅಲ್ವಾ? ಈಗ ಬಟ್ಟೆ ಸೋಪು ಕದಡಿದ ನೀರನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಡಿಸಿ. ಹನಿ ಬಿದ್ದಲ್ಲಿ ಕೆಂಪು ದಾರ ಬಿಟ್ಟ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ, ಒಂದು ಸುತ್ತು ತಿರುಗಿಸಿದರೆ ಬಟ್ಟಲೆಲ್ಲ ಇಟ್ಟಿಗೆ ಬಣ್ಣ. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ! ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನೋ ಅಂಶ, ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಹಳದಿಗೆ ಮರಳುತ್ತದೆ. ಮಂಡಕ್ಕಿ ಒಗ್ಗರಣೆ ತಿಂದ ಕೈ ಅಂಗಿಗೆ ಒರೆಸಿಕೊಂಡ ಕಲೆ, ಒಗೆಯುವಾಗ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದೂ ಇದೇ ಕಾರಣಕ್ಕೆ. ಆರತಿಗೆ ಹಾಕುವ ಸುಣ್ಣವನ್ನು ಮಾತ್ರ ಮಗುವಿನ ಕೈಗೆ ಕೊಡಲೇಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೋಪಿನ ಕೈಯನ್ನೂ ಕಣ್ಣಿಗೆ ಉಜ್ಜಿಕೊಳ್ಳದ ಹಾಗೆ ಪಕ್ಕದಲ್ಲೇ ಕೂತಿರಿ.

ಆಡುವಾಗ 'ಇದು ಯಾವ ಬಣ್ಣ, ಹೇಳು' ಅಂತ ಪರೀಕ್ಷೆ ಮಾಡಬೇಡಿ. 'ನೋಡು, ನೀರು ಕೆಂಪಾಯ್ತು', 'ಈಗ ಹಳದಿ ಆಯ್ತು' ಅಂತ ನೀವೇ ಅನ್ನುತ್ತಿರಿ. ಆಮೇಲೆ 'ಇದೇ ಬಣ್ಣದ್ದು ಮನೇಲಿ ಇನ್ನೇನಿದೆ, ತಗೊಂಡು ಬಾ' ಅಂತ ಕಳಿಸಿ. ಹೆಸರು ಬಾರದ ಮಗುವೂ ಜೋಡಿ ಹುಡುಕಿ ತರುತ್ತದೆ, ಹೆಸರು ಆಮೇಲೆ ಬಂದೇ ಬರುತ್ತದೆ. ಒಂದು ವಾರ ಈ ಎರಡೇ ಬಣ್ಣ ಸಾಕು, ಜಾಸ್ತಿ ತುರುಕಬೇಡಿ. ಐದು ವರ್ಷವಾದರೂ ಕೆಂಪು–ಹಸಿರು ಜೋಡಿಸಲು ತಡವರಿಸಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಬಣ್ಣಗುರುಡು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲೇ ಹೆಚ್ಚು.

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ 18 ಮಕ್ಕಳು. ಬಣ್ಣದ ಡಬ್ಬಿ ತರಲು ದುಡ್ಡಿಲ್ಲ, ಏನು ಮಾಡಲಿ?
— ಅಂಗನವಾಡಿ ಕಾರ್ಯಕರ್ತೆ, ಚಿತ್ರದುರ್ಗ ಜಿಲ್ಲೆ

ಉತ್ತರ: ದಾಸವಾಳ ಇದೆಯಲ್ಲ! ಏಳೆಂಟು ಕೆಂಪು ಹೂವಿನ ಎಸಳನ್ನು ಮಕ್ಕಳ ಕೈಲೇ ಬಿಡಿಸಿ, ಬಿಸಿನೀರು ನೀವು ಹಾಕಿ, ಆರಿದ ಮೇಲೆ ಸೋಸಿ ಮೂರು ಗಾಜಿನ ಲೋಟಕ್ಕೆ ಹಂಚಿ. ಒಂದು ಹಾಗೇ ಇರಲಿ. ಇನ್ನೊಂದಕ್ಕೆ ನಿಂಬೆರಸ ಹಿಂಡಿದರೆ ಗುಲಾಬಿ, ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು. ಸೋಡಾದ ಲೋಟಕ್ಕೂ ನಿಂಬೆ ಹಿಂಡೋಣ ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ಬೇಡ ಅನ್ನಬೇಡಿ. ಬುಸ್ಸಂತ ನೊರೆ ಉಕ್ಕಿ ಹಸಿರು ಗುಲಾಬಿ ಕಡೆಗೆ ತಿರುಗುತ್ತದೆ. ಕೆಳಗೆ ಹಳೇ ಪೇಪರ್ ಹಾಸಿರಿ.