ವಾಪಸ್ ಕೊಡ್ಲಿಕ್ಕೆ ನಾಚಿಕೆ: ಡೊಂಬಿವಲಿಯ ಒಂದು ಮನೆ, ಒಂದು ಹಸ್ಕಿ

(ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ. ಹೆಸರು, ಕೆಲಸ, ಮನೆಯ ಗುರುತು ಎಲ್ಲ ಬದಲಿಸಿದ್ದೇನೆ, ನಾಯಿ ಹೆಸರೂ ಸೇರಿ.)

ಸುಮತಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದದ್ದು ನಿದ್ದೆ ಬರೋದಿಲ್ಲ ಅಂತ. ಐರೋಲಿಯಲ್ಲಿ ಕೆಲಸ, ಗಂಡ ಪ್ರಕಾಶಂದು ಫೋರ್ಟ್ ಕಡೆ ಆಫೀಸು, ಒಂಬತ್ತು ವರ್ಷದ ಮಗಳು, ಕುಂದಾಪುರದಿಂದ ಬಂದಿರುವ ಅತ್ತೆ, ಮುಂಬೈ ಹತ್ರದ ಡೊಂಬಿವಲಿ ಈಸ್ಟಲ್ಲಿ ಒನ್ ಬಿಎಚ್‌ಕೆ. ಗಂಡನ ಜೊತೆ ಮಾತಿಲ್ಲ, ಬಿಲ್ಡಿಂಗ್ ಸೊಸೈಟಿಯವರು ಮುಖ ತಿರುಗಿಸ್ತಾರೆ, ಮಗಳು ಸಣ್ಣದಕ್ಕೂ ಅಳ್ತಾಳೆ ಅಂತ ಸುತ್ತಿ ಬಳಸಿ ಮುಕ್ಕಾಲು ಗಂಟೆ ಆಯ್ತು, ಕೊನೆಗೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಾಗಿಲ ಹತ್ರ ಹೋದವರು ತಿರುಗಿ "ಮೇಡಂ, ನಮ್ಮನೇಲಿ ಒಂದು ಹಸ್ಕಿ ಉಂಟು" ಅಂದ್ರು. ಅಸಲಿ ವಿಷಯ ಬಾಗಿಲ ಹತ್ರ ಬರೋದು ನಮ್ಮ ಕೆಲಸದಲ್ಲಿ ಮಾಮೂಲು. ಮತ್ತೆ ಕೂರಿಸಿದೆ.

ನಾಲ್ಕು ವರ್ಷದ ಗಂಡು ನಾಯಿ, ರಾಜ ಅಂತ ಇಟ್ಕೊಳ್ಳಿ. ಮರಿ ಇದ್ದಾಗ ದುಡ್ಡು ಸುರಿದು ತಂದವರು ವಿದೇಶಕ್ಕೆ ಹೋಗುವಾಗ ಬೋರ್ಡಿಂಗಲ್ಲಿ ಬಿಟ್ಟು ಫೋನ್ ಎತ್ತೋದೇ ನಿಲ್ಲಿಸಿದ್ರು. ರೆಸ್ಕ್ಯೂ ಮಾಡಿದ ಹುಡುಗಿ ಫೋಟೋ ಹಾಕಿದ್ಲು, ಒಂದು ಕಣ್ಣು ನೀಲಿ ಒಂದು ಕಂದು. ಪ್ರಕಾಶ್ ಅದನ್ನ ರಾತ್ರಿ ಲೋಕಲ್‌ನಲ್ಲಿ ನಿಂತ್ಕೊಂಡು ನೋಡಿದ್ದು, ಡೊಂಬಿವಲಿ ಬರುವಷ್ಟರಲ್ಲಿ ಮೆಸೇಜ್ ಮಾಡಿ ಆಗಿತ್ತು. ಮನೆಗೆ ಬಂದು ತಿಳಿಸಿದ್ರು. ಕೇಳಿದ್ದಲ್ಲ, ತಿಳಿಸಿದ್ದು.

ಹಸ್ಕಿ ಅಂದ್ರೆ ಸೈಬೀರಿಯಾದಲ್ಲಿ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಸ್ಲಿಕ್ಕೆ ಸಾಕಿದ ತಳಿ, ಎರಡು ಪದರದ ಕೂದಲು, ದಿನವಿಡೀ ಓಡಿದ್ರೂ ದಣಿಯದ ಕಾಲು. ಅದನ್ನ ಮೇ ತಿಂಗಳ ಡೊಂಬಿವಲಿಯಲ್ಲಿ ಮೂರನೇ ಮಾಳಿಗೆಯ ಹಾಲ್‌ನಲ್ಲಿ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ ಇಟ್ಟರೆ ಏನಾಗ್ತದೋ ಅದೇ ಆಯ್ತು. ಅದು ಬೊಗಳೋದು ಕಡಿಮೆ, ಊಳಿಡೋದು ಜಾಸ್ತಿ, ಎದುರು ಮನೆಯ ಅಜ್ಜಿಗೆ ಯಾರೋ ಸತ್ತ ಹಾಗೆ ಕೇಳ್ತದಂತೆ. ಹಗಲೂ ಎಸಿ, ಅನ್ನದಲ್ಲಿ ಕೂದಲು, ಸೋಫಾದ ಹೊಟ್ಟೆ ಹೊರಗೆ. ಸೆಕ್ರೆಟರಿ ಲೆಟರ್ ಕೊಟ್ಟಾಗ ಪ್ರಕಾಶ್ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದು ಅವರ ಮುಖದ ಮುಂದೆ ಹಿಡಿದ್ರು. ಸೊಸೈಟಿ ನಾಯಿ ಸಾಕೋದನ್ನ ಬ್ಯಾನ್ ಮಾಡ್ಲಿಕ್ಕಾಗೋದಿಲ್ಲ ಅನ್ನೋದು ಹೌದು, ಅವರು ಹೇಳಿದ್ದು ಸರಿಯೇ. ಆದ್ರೆ ಜಗಳ ಗೆದ್ದ ಮಾತ್ರಕ್ಕೆ ಒಳಗಿದ್ದ ನಾಯಿಗೆ ಸುಖ ಸಿಕ್ತಾ?

"ವಾಪಸ್ ಕೊಡುವ ಯೋಚನೆ ಬಂದಿದ್ಯಾ?" ಅಂತ ಕೇಳಿದೆ. ಸುಮತಿ ಅತ್ತೇ ಬಿಟ್ರು. "ಒಮ್ಮೆ ಬಿಟ್ಟು ಹೋದದ್ದು ಮೇಡಂ ಅದನ್ನ, ಈಗ ನಾವೂ ಬಿಟ್ರೆ ಅವರಿಗೂ ನಮಗೂ ಎಂತ ವ್ಯತ್ಯಾಸ." ನಿದ್ದೆ ಹೋದದ್ದು ಇಲ್ಲೇ, ಊಳಿನಿಂದ ಅಲ್ಲ.

ಎರಡನೇ ಸಲ ಪ್ರಕಾಶರೂ ಬಂದ್ರು, ಮುಖ ಗಂಟು ಹಾಕ್ಕೊಂಡೇ. ಅವರ ಹತ್ರ ಬೇರೆ ದಾರಿ ಇತ್ತು, ಮುರ್ಬಾಡ್ ಕಡೆ ಫ್ರೆಂಡ್‌ದು ಫಾರ್ಮ್‌ಹೌಸ್ ಉಂಟು, ಅಲ್ಲಿ ಬಿಟ್ರೆ ಓಡಾಡ್ಕೊಂಡು ಇರ್ತದೆ. ಮುಂಬೈಯವರ ಈ ಫಾರ್ಮ್‌ಹೌಸ್ ಕನಸು ನಾನು ತುಂಬಾ ಕೇಳಿದ್ದೇನೆ, ಮುಕ್ಕಾಲು ಪಾಲು ಅಲ್ಲಿ ನಾಯಿ ಓಡೋದಿಲ್ಲ, ಗೇಟಿಗೆ ಚೈನ್ ಹಾಕಿ ಕಟ್ಟಿರ್ತಾರೆ, ವಾಚ್‌ಮನ್ ಊರಿಗೆ ಹೋದ ದಿನ ಊಟವೂ ಇಲ್ಲ. ಅದನ್ನೇ ಹೇಳಿದೆ. ಸಹಿ ಹಾಕಿದ್ದ ಅಡಾಪ್ಶನ್ ಫಾರ್ಮ್ ತರಿಸಿದೆ, ಆಗದಿದ್ರೆ ನಮಗೇ ವಾಪಸ್ ಕೊಡಿ, ಬೇರೆಯವರಿಗೆ ಕೊಡಬೇಡಿ ಅಂತ ಅದರಲ್ಲೇ ಬರೆದಿತ್ತು, ಇಬ್ಬರೂ ಓದಿರಲಿಲ್ಲ. ರಸ್ತೆಗೆ ಬಿಡೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರವೇ ಅಪರಾಧ. ರೆಸ್ಕ್ಯೂ ಮಾಡಿದವರ ಕೈಗೆ, ಔಷಧಿ ಊಟದ ಲೆಕ್ಕ ಸಮೇತ, ಇದಕ್ಕೆ ಇದು ಬೇಕು ಇದು ಆಗೋದಿಲ್ಲ ಅಂತ ಒಂದು ಹಾಳೆ ಬರೆದು ನಾಯಿಯನ್ನ ಒಪ್ಪಿಸಿದ್ರೆ ಅದು ಬಿಟ್ಟು ಹೋಗೋದಲ್ಲ. ಇದನ್ನ ಪ್ರಕಾಶ್ ಎರಡು ಸಲ ಕೇಳಿಸ್ಕೊಂಡ್ರು.

ಸಾಮಾನ್ಯವಾಗಿ ನಾನು ಅವಸರ ಬೇಡ ಅಂತೇನೆ. ನಾಯಿಯವರಲ್ಲಿ ಒಂದು ಲೆಕ್ಕ ಉಂಟು, ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆ ಅರ್ಥ ಆಗ್ತದೆ, ಮೂರು ತಿಂಗಳಿಗೆ ನಮ್ಮದಾಗ್ತದೆ. ಮೊದಲು ವೆಟ್‌ಗೆ ತೋರಿಸಿ, ನೋವಿದ್ರೂ ನಾಯಿ ಹೀಗೆ ಆಡ್ತದೆ. ಇವರು ತೋರಿಸಿದ್ರು, ರಾಜನಿಗೆ ಏನೂ ಇರಲಿಲ್ಲ. ಇವರ ಮನೆಯಲ್ಲಿ ಮೂರು ತಿಂಗಳಲ್ಲ, ಮೂರು ವರ್ಷ ಕಾದ್ರೂ ಹಗಲು ಹನ್ನೆರಡು ಗಂಟೆ ಹನ್ನೆರಡೇ ಗಂಟೆ ಇರ್ತಿತ್ತು, ಹಾಗಾಗಿ ಕಾಯಿರಿ ಅನ್ನಲಿಲ್ಲ.

ಮಗಳಿಗೆ ನಿಜ ಹೇಳಿ ಅಂದೆ. ರಾಜ ಕೆಟ್ಟವ ಅಲ್ಲ, ನಾವು ಮೊದಲು ವಿಚಾರ ಮಾಡಬೇಕಿತ್ತು, ತಪ್ಪು ದೊಡ್ಡವರದ್ದು, ಬಿಡ್ಲಿಕ್ಕೆ ನೀನೂ ಬಾ. ಅವಳು ಹೋದ್ಲು, ತನ್ನ ಚಾದರ ಕೊಟ್ಟು ಬಂದ್ಲು.

ಅಷ್ಟರಲ್ಲಿ ಪ್ರಕಾಶ್ ಬೇರೆ ಬ್ರೀಡ್ ಹುಡುಕ್ತಾ ಇದ್ರು! ಲ್ಯಾಬ್ರಡಾರ್ ತರ್ಲಾ, ಬೀಗಲ್ ತರ್ಲಾ, ಆಫೀಸಿನ ಬಾಗಲಕೋಟೆಯವರೊಬ್ಬರು ಮುಧೋಳ ತಗೊಳ್ಳಿ ನಮ್ಮ ನಾಯಿ ಅಂತಿದ್ದಾರೆ. ಮುಧೋಳ ಬಗ್ಗೆ ನನಗೂ ಹೆಮ್ಮೆ, 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದ ನಾಯಿ, ಆದ್ರೆ ಅದು ಕಣ್ಣಿಗೆ ಬಿದ್ದದ್ದನ್ನ ಅಟ್ಟಿ ಹಿಡಿಯುವ ಬೇಟೆ ನಾಯಿ, ಓಡ್ಲಿಕ್ಕೆ ಬಯಲು ಬೇಕು. ಲ್ಯಾಬ್ ಮೂವತ್ತು ಕೆಜಿ, ಬೀಗಲ್‌ಗೆ ಗಂಟಲು ಜೋರು, ಪಗ್‌ಗೆ ಈ ಸೆಕೆಯಲ್ಲಿ ಉಸಿರೇ ಕಷ್ಟ, ಮರಿ ತಂದ್ರೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಕರ್ಕೊಂಡು ಹೋಗ್ಲಿಕ್ಕೆ ಯಾರಿದ್ದಾರೆ? "ತಳಿ ಆಮೇಲೆ. ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೇಲಿ ಯಾರಿರ್ತಾರೆ, ಅವರ ಕೈಯಲ್ಲಿ ಎಷ್ಟು ಬಲ ಉಂಟು, ಅದು ಹೇಳಿ" ಅಂದೆ. ಗಂಡ ಹೆಂಡತಿ ಮುಖ ಮುಖ ನೋಡ್ಕೊಂಡ್ರು. ಅತ್ತೆ ಇರ್ತಾರೆ.

ಅತ್ತೆಯವರನ್ನ ಮೂರನೇ ಸಲ ಕರೆಸಿದೆ. ಅರವತ್ತೆಂಟು ವರ್ಷ, ಮೊಣಕಾಲು ನೋವು. ಮೈಲಿಗೆ ಮಡಿ ಅಂತಾರೇನೋ ಅಂತ ನಾನೇ ಅಂದ್ಕೊಂಡಿದ್ದೆ, ನನ್ನ ತಪ್ಪು. "ಎಂತ ಮೈಲಿಗೆ? ದತ್ತಾತ್ರೇಯನ ಕಾಲಡಿಯಲ್ಲಿ ನಾಲ್ಕು ಉಂಟು, ನಂಗೆ ಒಂದು ಹೆಚ್ಚಾ? ಎಳೆದ್ರೆ ಬೀಳ್ತೇನೆ, ಅದೊಂದೇ ಹೆದ್ರಿಕೆ. ನನ್ನ ಹತ್ರ ಯಾರು ಕೇಳಿದ್ದಾರೆ?" ಅಂದ್ರು. ಆಮೇಲೆ ಗೊತ್ತಾಯ್ತು, ಗೇಟ್ ಹತ್ರ ಇರುವ ಕಿವಿ ತುದಿ ಕತ್ತರಿಸಿದ ಕರಿ ನಾಯಿಗೆ ದಿನಾ ಅನ್ನ ಹಾಕೋದು ಇವರೇ.

"ಹಾಗಾದ್ರೆ ಅದನ್ನೇ ಮೇಲೆ ತರೋಣ" ಅಂತ ಪ್ರಕಾಶ್ ಅಲ್ಲೇ ಎದ್ದು ನಿಂತ್ರು. ಬೇಡ ಅಂದೆ. ಆ ಕಿವಿ ಗುರುತು ಅಂದ್ರೆ ಸಂತಾನಹರಣ ಆಗಿದೆ ಅಂತ, ಅದಕ್ಕೆ ಆ ಗೇಟೇ ಮನೆ, ವರ್ಷಗಟ್ಟಲೆ ರಸ್ತೆಯಲ್ಲಿ ತನ್ನಿಷ್ಟಕ್ಕೆ ಇದ್ದದ್ದನ್ನ ನಾಲ್ಕು ಗೋಡೆ ಒಳಗೆ ಹಾಕೋದು ಉಪಕಾರ ಅಲ್ಲ. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು ಹಾಕಿಸಿ, ಅನ್ನ ಹಾಕಿ, ಸಾಕು. ಮನೆಗೇ ಬೇಕಾದ್ರೆ ಎರಡು ಮೂರು ವರ್ಷದ, ಈಗಾಗ್ಲೇ ಯಾರದ್ದೋ ಫ್ಲ್ಯಾಟಲ್ಲಿ ಫಾಸ್ಟರ್ (ಕಾಯಂ ಮನೆ ಸಿಗುವ ತನಕ ತಾತ್ಕಾಲಿಕವಾಗಿ) ಇರುವ ಇಂಡಿ, ಅಂದ್ರೆ ನಮ್ಮ ಊರ ನಾಯಿ ನೋಡಿ. ನಮ್ಮ ಬೀದಿ ನಾಯಿಗೆ ಈ ಸೆಕೆ ಹೊಸತಲ್ಲ, ಕೂದಲು ಗಿಡ್ಡ, ಸ್ವಭಾವ ಹೇಗೆ ಅಂತ ಫಾಸ್ಟರ್‌ನವರಿಗೆ ಗೊತ್ತಿರ್ತದೆ. ನೋಡ್ಲಿಕ್ಕೆ ಹೋಗುವಾಗ ಬೆಲ್ಟ್ ಅತ್ತೆ ಕೈಗೆ ಕೊಡಿ. ಮೊದಲು ಎರಡು ವಾರ ಫಾಸ್ಟರ್ ಅಂತಲೇ ತನ್ನಿ. ಮಳೆ ಶುರುವಾಗುವ ಮೊದಲು ಲೆಪ್ಟೋ (ಇಲಿಜ್ವರ) ಇರುವ ವ್ಯಾಕ್ಸಿನ್ ಆಗಿದ್ಯಾ ಕೇಳಿ, ಮುಂಬೈ ಮಳೆನೀರಲ್ಲಿ ಅದು ಮನುಷ್ಯರನ್ನೂ ಬಿಡೋದಿಲ್ಲ. ಆದ್ರೆ ಇನ್ನು ಆರು ತಿಂಗಳು ಏನೂ ತರಬೇಡಿ, ಮೊದಲು ನೀವಿಬ್ಬರು ಮಾತಾಡಿ, ಕೇಳೋದಕ್ಕೂ ತಿಳಿಸೋದಕ್ಕೂ ಇರುವ ವ್ಯತ್ಯಾಸ ನಾಯಿ ವಿಷಯಕ್ಕೆ ಮಾತ್ರ ಇರೋದಲ್ಲ ಅಂತ ಪ್ರಕಾಶರಿಗೆ ನೇರವಾಗೇ ಹೇಳಿದೆ. ಅವರಿಗೆ ಹಿಡಿಸಲಿಲ್ಲ, ಆದ್ರೂ ಇನ್ನೂ ನಾಲ್ಕು ಸಲ ಬಂದ್ರು.

ರಾಜ ಎರಡು ತಿಂಗಳು ಫಾಸ್ಟರಲ್ಲಿದ್ದು ಈಗ ಪುಣೆಯಲ್ಲಿ, ಆ ಮನೇಲಿ ಇನ್ನೊಂದು ಹಸ್ಕಿ ಉಂಟಂತೆ. ಸುಮತಿಗೆ ನಿದ್ದೆ ಪೂರ್ತಿ ಸರಿಯಾಗಿಲ್ಲ, ಬರ್ತಾ ಇದ್ದಾರೆ. ಮೊನ್ನೆ ಒಂದು ವಿಡಿಯೋ ಕಳಿಸಿದ್ರು, ಹದಿನಾಲ್ಕು ಕೆಜಿಯ ಕಂದು ಹೆಣ್ಣು ನಾಯಿ, ಫಾಸ್ಟರ್‌ಗೆ ಬಂದು ಒಂಬತ್ತನೇ ದಿನ. ಅತ್ತೆ ಒಂದು ಕೈಯಲ್ಲಿ ಬೆಲ್ಟ್ ಹಿಡ್ಕೊಂಡು ಲಿಫ್ಟಿಗೆ ಕಾಯ್ತಾ "ಹ್ವಾಯ್, ಸುಮ್ನೆ ನಿಲ್ಲು ಮಾರಾಯ್ತಿ" ಅಂತ ಬಯ್ತಾ ಇದ್ದಾರೆ, ಅದು ನಿಂತಿದೆ.