1950ರ ದಶಕದ ಸ್ಪೂಲ್ ಟೇಪ್ ಸಲೀಸಾಗಿ ಓಡುತ್ತದೆ, 1970ರ ದಶಕದ್ದು ಯಾಕೆ ಕಿರ್ರೆಂದು ನಿಂತುಬಿಡುತ್ತದೆ?

ಟೇಪಿನೊಳಗಿನ ಅಂಟು ಹಾಳಾಗಿರುತ್ತದೆ, ಅದಕ್ಕೆ. ಟೇಪ್ ಓಡಿಸುವ ನಿಮ್ಮ ಯಂತ್ರದ (ಡೆಕ್ಕಿನ) ತಪ್ಪಲ್ಲ.

ಟೇಪ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡ್ ಪುಡಿ. 1970ರ ದಶಕದ ನಡುವಿನಿಂದ ಬಂದ ಎಷ್ಟೋ ಟೇಪ್‌ಗಳಲ್ಲಿ, ಮುಖ್ಯವಾಗಿ ಆಂಪೆಕ್ಸ್ ಕಂಪನಿಯ 406 ಮತ್ತು 456 ಮಾದರಿಗಳಲ್ಲಿ, ಬಳಸಿದ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿಕೊಂಡು ನಿಧಾನವಾಗಿ ಒಡೆಯುತ್ತದೆ. ಮೇಲ್ಮೈ ಹಸಿ ಬೆಲ್ಲದಂತೆ ಜಿಗುಟಾಗಿ, ಕಂದು ಪುಡಿ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಡಬ್ಬಿಯ ಸೀಲ್ ಒಡೆಯದಿದ್ದರೂ ಹೀಗಾಗಬಹುದು, ಹಾಗಾಗಿ ಸೀಲ್ ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

1950ರ ದಶಕದಲ್ಲಿ ಹೆಚ್ಚಾಗಿದ್ದ, ಅಸಿಟೇಟ್ ಎಂಬ ಪ್ಲಾಸ್ಟಿಕ್ ಪಟ್ಟಿಯ ಟೇಪ್‌ಗೆ ಈ ಕಾಯಿಲೆ ಇಲ್ಲ. ಆದರೆ ಅದು ಒಣಗಿ ಪಟ್ಟನೆ ತುಂಡಾಗಬಹುದು.

ಜಿಗುಟಾದ ಟೇಪನ್ನು ಬಲವಂತವಾಗಿ ಓಡಿಸಲೇಬೇಡಿ, ಪುಡಿಯ ಜೊತೆ ಹಾಡೂ ಹೋಗುತ್ತದೆ. ಪರಿಣತರು ಅದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತೇವ ತೆಗೆಯುತ್ತಾರೆ. ಆಮೇಲೆ ಕೆಲವು ವಾರ ಚೆನ್ನಾಗಿ ಓಡುತ್ತದೆ. ಅಷ್ಟರಲ್ಲೇ ಡಿಜಿಟಲ್ ಪ್ರತಿ ಮಾಡಿಕೊಳ್ಳಿ. ಅಸಿಟೇಟ್ ಟೇಪನ್ನು ಮಾತ್ರ ಬಿಸಿ ಮಾಡಬಾರದು. ಗುರುತು ಸುಲಭ: ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಸಿಟೇಟ್‌ನ ಅಂಚಿನಿಂದ ಬೆಳಕು ತೂರಿ ಬರುತ್ತದೆ.